ಹಿಂದಕ್ಕೆ ತಿರುಗಿದ ತಾರೀಖು

ಟಿಕ್.

ಸಣ್ಣ ಸದ್ದು. ಬಾಗಿಲಾಚೆ ನಿಂತವರಿಗೂ ಕೇಳಿಸದಷ್ಟು ಸಣ್ಣದು. ಆದರೆ ರಾತ್ರಿ ಹತ್ತೂವರೆಗೆ, ಜನರಿಲ್ಲದ ಕಚೇರಿಯಲ್ಲಿ, ಆ ಸದ್ದು ನನ್ನ ಹೊಟ್ಟೆಯೊಳಗಿಂದಲೇ ಬಂತು. ಮತ್ತೊಂದು ಟಿಕ್. ಮತ್ತೊಂದು. ಎಣಿಸುತ್ತ ಹೋದೆ. ಹನ್ನೆರಡಾದವು. ಏಳು ವರ್ಷ ನನ್ನ ಗಾಲಿ ಮುಂದಕ್ಕೆ ಮಾತ್ರ ತಿರುಗಿತ್ತು. ಆ ರಾತ್ರಿ ಒಂದು ಹೆಬ್ಬೆರಳು ಅದನ್ನು ಹಿಂದಕ್ಕೆ ತಿರುಗಿಸುತ್ತಿತ್ತು.

ಅದು ಯಾರ ಬೆರಳು, ಯಾಕೆ ತಿರುಗಿಸಿತು ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನಾನು ಒಂದು ತಾರೀಖಿನ ಮೊಹರು. ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ, ಬೊಂಗಾಳೆ ಎಂಬ ಮುದುಕ ನನ್ನನ್ನು ಜೋಡಿಸಿದ. ಕಬ್ಬಿಣದ ಮೈ, ಕರಿ ಮರದ ಹಿಡಿ. ಹೊಟ್ಟೆಯಲ್ಲಿ ರಬ್ಬರಿನ ಮೂರು ಪಟ್ಟಿ, ದಿನಕ್ಕೊಂದು, ತಿಂಗಳಿಗೊಂದು, ವರ್ಷಕ್ಕೊಂದು. ಅವುಗಳ ಸುತ್ತ ‘ಶುಲ್ಕ ಸ್ವೀಕರಿಸಿದೆ’ ಎಂಬ ಅಕ್ಷರಗಳು. ವರ್ಷದ ಪಟ್ಟಿಯಲ್ಲಿ 2004ರಿಂದ 2015ರವರೆಗೆ ಹನ್ನೆರಡೇ ವರ್ಷ.

“ಇದರ ಆಯುಷ್ಯ ಇದರ ಹೊಟ್ಟ್ಯಾಗ ಬರದೈತಿ ನೋಡ್ರಿ” ಎಂದು ಬೊಂಗಾಳೆ ನಕ್ಕ. ಗಿರಾಕಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಹುಟ್ಟಿದ ದಿನವೇ ಕೊನೆಯ ವರ್ಷ ಗೊತ್ತಾದ ಮೇಲೆ ನೆಮ್ಮದಿ ಎಲ್ಲಿಂದ ಬರಬೇಕು?

ಆ ಗಿರಾಕಿ ಅಂದಾನೆಪ್ಪ ಬಣಕಾರ, ಊರಾಚೆಯ ಬಯಲಿನಲ್ಲಿದ್ದ ಒಂದು ಸರಕಾರಿ ವಿಶ್ವವಿದ್ಯಾಲಯದ ಶುಲ್ಕ ಶಾಖೆಯ ಗುಮಾಸ್ತರು. ನನ್ನನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕರೆದೊಯ್ದರು. ಮರುದಿನದಿಂದ ನನ್ನ ಬದುಕು ಒಂದು ಕಿಂಡಿಯ ಹಿಂದೆ ಶುರುವಾಯಿತು. ಕಿಂಡಿಯ ಆಚೆ ವಿದ್ಯಾರ್ಥಿಗಳ ಸಾಲು. ಈಚೆ ನಾನು, ಶಾಯಿಯ ಪ್ಯಾಡು, ಬಣಕಾರರು. ಪ್ರತಿ ಚಲನಿಗೆ ಮೂರು ಪ್ರತಿ, ವಿದ್ಯಾರ್ಥಿಗೊಂದು, ನಮ್ಮ ಶಾಖೆಗೊಂದು, ಪರೀಕ್ಷಾ ವಿಭಾಗಕ್ಕೊಂದು. ಮೂರಕ್ಕೂ ನಾನು ಬೀಳಬೇಕು. ಠಪ್, ಠಪ್, ಠಪ್.

ನನಗೆ ಕಾಣುತ್ತಿದ್ದದ್ದು ಹೆಚ್ಚಾಗಿ ಕೈಗಳು. ಬೆವರಿನ ನೋಟು ಹಿಡಿದ ಕೈ, ಮೆಹಂದಿಯ ಕೈ, ಆ್ಯಸಿಡ್ ಬಿದ್ದು ಬೆಳ್ಳಗಾದ ರಸಾಯನಶಾಸ್ತ್ರದವರ ಕೈ. ಎಲ್ಲ ಕೈಗಳೂ ಕಿಂಡಿಯೊಳಗೆ ಬರುವಾಗ ಸ್ವಲ್ಪ ನಡುಗುತ್ತಿದ್ದವು. ಯಾಕೆಂದು ನನಗೆ ಆಮೇಲೆ ತಿಳಿಯಿತು. ಜನ ಕಿಂಡಿಯಲ್ಲಿ ಎಷ್ಟು ಕೊಟ್ಟರು ಎನ್ನುವುದರಷ್ಟೇ ಯಾವತ್ತು ಕೊಟ್ಟರು ಎನ್ನುವುದೂ ಮುಖ್ಯ. ಕೊನೆಯ ದಿನದೊಳಗೆ ಕಟ್ಟಿದರೆ ಶುಲ್ಕ. ದಾಟಿದರೆ ದಂಡ. ದಂಡದ ಕೊನೆಯ ದಿನವೂ ದಾಟಿದರೆ ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ. ಆ ‘ಯಾವತ್ತು’ ಎನ್ನುವುದು ನನ್ನ ಹೊಟ್ಟೆಯಲ್ಲಿತ್ತು.

ಒಂದು ಬೆಳಿಗ್ಗೆ ಬಣಕಾರರು ಹಿಂದಿನ ದಿನದ ತಾರೀಖು ಬದಲಿಸಲು ಮರೆತು ನಲವತ್ತು ಚಲನು ಒತ್ತಿಬಿಟ್ಟರು. ಲೆಕ್ಕ ತಪಾಸಣೆಯವರು ಎರಡು ವರ್ಷ ಆ ನಲವತ್ತನ್ನು ಬಿಡಲಿಲ್ಲ. ಅಂದಿನಿಂದ ಬಣಕಾರರು ಒಂದು ಪದ್ಧತಿ ಮಾಡಿಕೊಂಡರು. ಸಂಜೆ ಕಿಂಡಿಯ ಶಟರ್ ಗರಗರನೆ ಇಳಿದ ತಕ್ಷಣ ನನ್ನ ಗಾಲಿಯನ್ನು ಮರುದಿನಕ್ಕೆ ತಿರುಗಿಸುವುದು. ಟಿಕ್. ನಾನು ದಿನವೂ ಜಗತ್ತಿಗಿಂತ ಒಂದು ರಾತ್ರಿ ಮುಂಚೆ ನಾಳೆಗೆ ಹೋಗುತ್ತಿದ್ದೆ. ಕತ್ತಲಲ್ಲಿ ಒಬ್ಬಳೇ ನಾಳೆಯಲ್ಲಿ ಕೂತು ನಾಳೆ ಬರುವುದನ್ನು ಕಾಯುತ್ತಿದ್ದೆ.

ಶುಲ್ಕ ಎಲ್ಲಿ ಹುಟ್ಟುತ್ತದೆ ಎಂದು ಒಮ್ಮೆ ನೋಡಿದೆ. ಬಣಕಾರರನ್ನು ರಜಿಸ್ಟರ್ ಸಮೇತ ಮೂರನೆಯ ಮಹಡಿಯ ಹಣಕಾಸು ಸಮಿತಿಗೆ ಕರೆದಿದ್ದರು. ನಾನು ಅವರ ಕಿಸೆಯಲ್ಲಿದ್ದೆ. ಸರಕಾರದಿಂದ ಬಂದದ್ದು ಸಂಬಳಕ್ಕೇ ಸಾಲದು, ಕರೆಂಟಿನ ಬಿಲ್ಲು ಯಾರು ಕಟ್ಟಬೇಕು ಎಂದು ಒಬ್ಬರು ಕೇಳಿದರು. ಬೋಧನಾ ಶುಲ್ಕ ಏರಿಸೋಣ ಎಂದರು ಇನ್ನೊಬ್ಬರು. ಮೂಲೆಯಲ್ಲಿ ಮಿರ್ಚಿ ತಿನ್ನುತ್ತಿದ್ದ ಹಿರಿಯ ಸದಸ್ಯರು ಕೈ ಎತ್ತಿದರು.

“ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಅದು ಪೇಪರಿನ್ಯಾಗ ಬರತೈತಿ, ಹುಡುಗೂರು ಗೇಟಿಗೆ ಬರತಾವು. ಕೆಳಗ ಒಂದು ಸಾಲು ಹಾಕ್ರಿ.”

“ಏನಂತ ಹಾಕೂದ್ರಿ?”

“ಅಭಿವೃದ್ಧಿ ಅಂತ ಹಾಕ್ರಿ. ಅಭಿವೃದ್ಧಿ ಬ್ಯಾಡಂತ ಯಾವ ಮಗಾ ಅಂತಾನ?”

ಹೀಗೆ ಚಲನಿನಲ್ಲಿ ಸಾಲುಗಳು ಬೆಳೆದವು. ಬೋಧನಾ ಶುಲ್ಕ ಮೇಲೆ ಹಾಗೆಯೇ ಬಡವಾಗಿ ಕೂತಿತ್ತು. ಅದರ ಕೆಳಗೆ ಗ್ರಂಥಾಲಯ, ಕ್ರೀಡೆ, ಗುರುತಿನ ಚೀಟಿ, ಆರು ವರ್ಷದಿಂದ ಅಚ್ಚಾಗದ ವಾರ್ಷಿಕ ಸಂಚಿಕೆ, ಅಭಿವೃದ್ಧಿ, ಇತರೆ. ಹುಡುಗಿಯರಿಗೆ ಬೋಧನಾ ಶುಲ್ಕ ಮಾಫಿ ಎಂದು ಫಲಕದಲ್ಲಿ ಬರೆದಿತ್ತು. ಅದನ್ನು ಓದಿ ಸಮಾಧಾನದಿಂದ ಬಂದ ಹುಡುಗಿಯರು ಕಿಂಡಿಯ ಮುಂದೆ ಒಟ್ಟು ಮೊತ್ತ ನೋಡಿ ಮತ್ತೆ ಫಲಕದ ಕಡೆ ತಿರುಗುತ್ತಿದ್ದರು.

ಬಣಕಾರರು ನಿವೃತ್ತರಾಗುವಾಗ ನನ್ನನ್ನು ಮೆಹರುನ್ನಿಸಾ ಮುಲ್ಲಾ ಅವರ ಕೈಗಿಟ್ಟರು. “ಶಟರ್ ಬಿತ್ತೋ, ಗಾಲಿ ತಿರುಗಿಸು. ಇಷ್ಟು ನೆನಪಿಟ್ಟರ ನಿನಗ ಏನೂ ಆಗೂದಿಲ್ಲವಾ” ಎಂದು ಹೇಳಿ ಹೋದರು. ಮುಲ್ಲಾ ಮೇಡಂ ಹಂಗಾಮಿ ನೌಕರರು. ಪ್ರತಿ ಮಾರ್ಚ್‌ನಲ್ಲಿ ಅವರ ನೌಕರಿ ಮುಗಿದು ಮತ್ತೆ ಹುಟ್ಟಬೇಕಿತ್ತು. ಅದಕ್ಕೇ ಅವರ ಹಿಡಿತ ಬಿಗಿಯಾಗಿತ್ತು. ಒಂದು ತಪ್ಪು ಸಾಕು ಎಂಬ ಭಯ ಅವರ ಅಂಗೈಯಿಂದ ನನ್ನ ಹಿಡಿಗೆ ಇಳಿಯುತ್ತಿತ್ತು.

ಶಾಖೆಯ ಮೇಲ್ವಿಚಾರಕರು ಜಂಬಗಿ ಸಾಹೇಬರು. ಬಿಳಿ ಅಂಗಿ, ಶಾಯಿ ಮುಟ್ಟದ ಬೆರಳು. “ತಾರೀಖು ಅಂದ್ರ ತಾರೀಖು” ಎನ್ನುವುದು ಅವರ ಮಾತು. ಅಪ್ಪ ಸತ್ತನೆಂದು ಅಳುತ್ತ ಬಂದವನಿಗೂ ದಂಡ ಬಿಟ್ಟವರಲ್ಲ. ಆದರೆ ಒಂದು ನ್ಯಾಯ ಅವರಲ್ಲಿತ್ತು. ಕೊನೆಯ ದಿನ ನಾಲ್ಕು ಗಂಟೆಗೆ ಸಾಲಿನಲ್ಲಿ ಯಾರು ನಿಂತಿದ್ದರೋ ಅವರಿಗೆಲ್ಲ ಜವಾನ ದುರ್ಗಪ್ಪ ನಂಬರಿನ ಚೀಟಿ ಹಂಚಬೇಕು. ಚೀಟಿ ಇದ್ದವರ ಹಣವನ್ನು ರಾತ್ರಿ ಎಷ್ಟೇ ಹೊತ್ತಾದರೂ ಅದೇ ದಿನದ ತಾರೀಖಿನಲ್ಲಿ ತೆಗೆದುಕೊಳ್ಳಬೇಕು. ಸಾಲು ಮುಗಿಯುವ ತನಕ ದಿನ ಮುಗಿಯುವುದಿಲ್ಲ.

2011ರ ನವೆಂಬರ್ ಹದಿನಾಲ್ಕು ಅಂಥ ದಿನ. ದಂಡ ಸಮೇತ ಕಟ್ಟಲು ಕಡೆಯ ದಿನ. ನೂರಾ ಎಂಟನೆಯ ಚೀಟಿ, ಎಲ್ಲಕ್ಕಿಂತ ಕೊನೆಯದು, ಶಶಿಕಲಾ ಪತ್ತಾರ ಎಂಬ ಹುಡುಗಿಯ ಕೈಯಲ್ಲಿತ್ತು. ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದವಳು. ಅವಳ ತಾಯಿ ಗಂಗವ್ವ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಧ್ಯಾಹ್ನದ ಬಸ್ಸಿಗೆ ಹಣ ತಂದು, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮಗಳ ಪಕ್ಕ ಬಂದು ನಿಂತಿದ್ದಳು.

ಏಳು ಗಂಟೆ ದಾಟಿತು. ಸಾಲಿನಲ್ಲಿ ಅವರಿಬ್ಬರೇ ಉಳಿದರು. ಗಂಗವ್ವ ಕಿಂಡಿಗೆ ಬಾಗಿ ಕೇಳಿದಳು.

“ಬಾಯಾರ, ಸರಕಾರ ನಮಗ ಮೂರು ತಿಂಗಳಾತು ಪಗಾರ ಕೊಟ್ಟಿಲ್ಲ. ಅದಕ್ಕ ನಾವೂ ದಂಡ ಹಾಕಬೌದೇನ್ರಿ?”

“ಹಾಕು ಬೇ ಯಕ್ಕಾ, ಚಲನ್ ನಾ ತುಂಬಿ ಕೊಡತೀನಿ” ಎಂದು ದುರ್ಗಪ್ಪ ನಕ್ಕ. ಮುಲ್ಲಾ ಮೇಡಂ ಕೂಡ ನಕ್ಕರು. ದೀಪಕ್ಕೆ ಹುಳ ಮುತ್ತುತ್ತಿದ್ದವು. “ಹುಳ ಒಳಗ ಬರಾಕತ್ತಾವ ಮೇಡಂ” ಎನ್ನುತ್ತ ದುರ್ಗಪ್ಪ ಶಟರನ್ನು ಅರ್ಧಕ್ಕೆ ಎಳೆದ.

ಗರಗರ.

ಮೇಡಂ ಎಡಗೈಯಲ್ಲಿ ನೋಟು ಎಣಿಸುತ್ತಿದ್ದರು. ಬಲಗೈ ತಾನಾಗಿ ನನ್ನ ಕಡೆ ಬಂತು. ಟಿಕ್. ಹದಿನೈದು.

ಬೇಡ, ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಮೊಹರಿಗೆ ಬಾಯಿ ಎಲ್ಲಿದೆ? ಅರ್ಧ ಶಟರಿನ ಕೆಳಗಿನಿಂದ ಚಲನು ಒಳಗೆ ಬಂತು. ಠಪ್, ಠಪ್, ಠಪ್. ಮೂರೂ ಪ್ರತಿಯ ಮೇಲೆ ನಾನೇ ಸುಳ್ಳು ಹೇಳಿದೆ. ಹುಡುಗಿ ತನ್ನ ಪ್ರತಿಯನ್ನು ನೋಡದೆ ಮಡಚಿ ಚೀಲಕ್ಕಿಟ್ಟಳು. ಕಡೆಯ ಬಸ್ಸಿಗೆ ತಡವಾಗಿತ್ತು. ಶಟರ್ ಪೂರ್ತಿ ಇಳಿದಾಗ ಮೇಡಂ ನನ್ನನ್ನು ನೋಡಿದರು. ಹದಿನೈದು ಎಂದಿತ್ತು. ಆಗಲೇ ತಿರುಗಿಸಿದ್ದೇನಲ್ಲ ಎಂದು ನಿಶ್ಚಿಂತೆಯಿಂದ ಬೀಗ ಹಾಕಿದರು.

ಆಮೇಲಿನ ಹತ್ತು ದಿನ ನಾನು ಪ್ರತಿ ಕೈಯಲ್ಲೂ ಆ ಕೈಯನ್ನು ಹುಡುಕಿದೆ.

ಹನ್ನೊಂದನೆಯ ದಿನ ಬಂದಳು. ಶುಕ್ರವಾರ. ಸೋಮವಾರ ಪರೀಕ್ಷೆ. ಅವಳ ಹಾಲ್ ಟಿಕೆಟ್ ಬಂದಿರಲಿಲ್ಲ. ‘ಶುಲ್ಕ ಅವಧಿ ಮೀರಿ ಪಾವತಿ’ ಎಂದು ಬರೆದು ಪರೀಕ್ಷಾ ವಿಭಾಗ ತನ್ನ ಪ್ರತಿಯನ್ನು ನಮ್ಮ ಶಾಖೆಗೇ ವಾಪಸು ಕಳಿಸಿತ್ತು. ಮುಲ್ಲಾ ಮೇಡಂ ಚಲನು ನೋಡಿದರು, ನನ್ನನ್ನು ನೋಡಿದರು.

“ಸರ್, ಇಕಿ ಹದಿನಾಲ್ಕಕ್ಕ ಕಟ್ಯಾಳ್ರಿ. ತಪ್ಪು ನಂದು.”

ಜಂಬಗಿ ಸಾಹೇಬರು ತಲೆ ಎತ್ತಲಿಲ್ಲ. “ತಾರೀಖು ಏನೈತಿ?”

“ಹದಿನೈದು ಐತ್ರಿ. ಆದರ...”

“ತಾರೀಖು ಅಂದ್ರ ತಾರೀಖು. ತಿದ್ದಬೇಕಂದ್ರ ಹಣಕಾಸು ಅಧಿಕಾರಿ ಆರ್ಡರ್ ಬೇಕು. ಅವರು ಬೆಂಗಳೂರಿನ್ಯಾಗ ಅದಾರ, ಬುಧವಾರ ಬರತಾರ. ನಾ ಇವತ್ತ ಒಂದು ತಿದ್ದಿದರ ನಾಳೆ ಇದೇ ಕಿಂಡಿಗೆ ನೂರು ಮಂದಿ ಬರತಾರ.”

“ಬುಧವಾರಕ್ಕ ನಂದು ಎರಡು ಪೇಪರ್ ಹೋಗಿರತಾವ್ರಿ ಸರ್” ಎಂದಳು ಶಶಿಕಲಾ. “ಈ ವರ್ಷ ಹೋದ್ರ ನಮ್ಮವ್ವ ಮತ್ತ ಕಳಸೂದಿಲ್ರಿ.”

ಸಾಹೇಬರು ಕೈ ಚಾಚಿದರು. “ನಿನ್ನ ಪ್ರತಿ ಕೊಡು ಇಲ್ಲೆ.” ಅದನ್ನು ತೆಗೆದುಕೊಂಡು ಮೇಜಿನ ಡ್ರಾಯರಿಗೆ ಎಸೆದರು. ಇದ್ದ ಒಂದು ಕಾಗದವನ್ನೂ ಕಿತ್ತುಕೊಂಡರಲ್ಲ ಎಂದು ಹುಡುಗಿ ಬಾಗಿಲ ಬಳಿ ನಿಂತು ಅತ್ತಳು.

ಆ ಸಂಜೆ ಮೇಡಂ ನನ್ನನ್ನು ಇಪ್ಪತ್ತಾರಕ್ಕೆ ತಿರುಗಿಸಿ, ಒಂದು ಹಾಳೆ ತೆಗೆದು ಬರೆದರು. ‘ನನ್ನ ಅಜಾಗರೂಕತೆಯಿಂದ’ ಎಂದು ಶುರು ಮಾಡಿ ಎಲ್ಲವನ್ನೂ ಬರೆದು ಸಹಿ ಹಾಕಿದರು. ಬೆಳಿಗ್ಗೆ ಸಾಹೇಬರ ಮೂಲಕ ಕುಲಸಚಿವರಿಗೆ ಕೊಡುವ ಪತ್ರ. ಕೊಟ್ಟರೆ ಬರುವ ಮಾರ್ಚ್‌ನಲ್ಲಿ ಅವರ ನೌಕರಿ ಮತ್ತೆ ಹುಟ್ಟುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಳೆಯನ್ನು ಡ್ರಾಯರಿನಲ್ಲಿ ನನ್ನ ಕೆಳಗಿಟ್ಟು ಹೋದರು.

ರಾತ್ರಿ ಹತ್ತು ದಾಟಿದ ಮೇಲೆ ಬೀಗ ತೆಗೆದ ಸದ್ದು. ಟಾರ್ಚಿನ ಬೆಳಕು. ಬಿಳಿ ಅಂಗಿ.

ಜಂಬಗಿ ಸಾಹೇಬರು ಮೊದಲು ನಗದು ಪುಸ್ತಕ ತೆರೆದರು. ಹದಿನಾಲ್ಕನೆಯ ತಾರೀಖಿನ ಪುಟದ ಕೊನೆಯ ಸಾಲಿನಲ್ಲಿ, ಮೇಡಂ ಕೈಬರಹದಲ್ಲಿ, ಪತ್ತಾರ ಎಂಬ ಹೆಸರಿತ್ತು. ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ನನ್ನನ್ನು ಎತ್ತಿದರು. ಕೆಳಗಿದ್ದ ಪತ್ರ ಕಂಡಿತು. ಪೂರ್ತಿ ಓದಿ, ಇದ್ದಂತೆಯೇ ಮಡಚಿಟ್ಟರು. ಗಾಲಿ ತಿರುಗಿಸಲು ಅವರಿಗೆ ಬರುತ್ತಿರಲಿಲ್ಲ. ಉಗುರು ಜಾರಿತು. ಮತ್ತೆ ಹಿಡಿದರು. ಟಿಕ್, ಟಿಕ್, ಟಿಕ್. ಹನ್ನೆರಡು ಸಲ.

ನಮ್ಮಲ್ಲಿ ಮೊಹರು ಅಸ್ಪಷ್ಟವಾಗಿ ಬಿದ್ದರೆ ಪಕ್ಕದಲ್ಲಿ ಇನ್ನೊಮ್ಮೆ ಒತ್ತಿ ಮೇಲ್ವಿಚಾರಕರು ಸಹಿ ಮಾಡುವುದುಂಟು. ಸಾಹೇಬರು ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿ, ಮೂರೂ ಪ್ರತಿಯ ಹದಿನೈದನ್ನು ತಾವೇ ಅಸ್ಪಷ್ಟ ಮಾಡಿದರು. ಪಕ್ಕದಲ್ಲಿ ನನ್ನನ್ನು ಒತ್ತಿದರು. ‘ಅಸ್ಪಷ್ಟವಿದ್ದುದರಿಂದ ಮರುಮುದ್ರೆ’ ಎಂದು ಬರೆದು ಸಹಿ ಹಾಕಿದರು. ನಿಜ ಹೇಳಲು ಅಷ್ಟು ಹೊತ್ತಿನಲ್ಲಿ ಕಳ್ಳನ ಹಾಗೆ ಬರಬೇಕಾಗಿತ್ತು. ಆ ಅವಸರದಲ್ಲಿ ನನ್ನನ್ನು ಮುಂದಕ್ಕೆ ತಿರುಗಿಸುವುದನ್ನು ಮರೆತರು.

ಬೆಳಿಗ್ಗೆ ಮೇಡಂ ಡ್ರಾಯರ್ ತೆಗೆದರು. ಇಪ್ಪತ್ತಾರು ಇರಬೇಕಾದಲ್ಲಿ ಹದಿನಾಲ್ಕು. ಎರಡು ಸಲ ಕಣ್ಣುಜ್ಜಿ ನೋಡಿದರು. ಪತ್ರ ಹಿಡಿದು ಸಾಹೇಬರ ಮೇಜಿಗೆ ಹೋದರು.

“ಸರ್, ಒಂದು ಅರ್ಜಿ...”

“ಇವತ್ತ ಅರ್ಜಿ ತಗೊಳ್ಳೂದಿಲ್ಲ. ದುರ್ಗಪ್ಪ, ಈ ಕಾಗದ ಪರೀಕ್ಷಾ ವಿಭಾಗಕ್ಕ ಕೊಟ್ಟು ಬಾ. ಹಾಲ್ ಟಿಕೆಟ್ ಇಸಗೊಂಡ ಬಾ.” ಮತ್ತೆ ಮೇಡಂ ಕಡೆ ತಿರುಗಿ ಗದರಿದರು. “ಮೊಹರು ಸರಿಯಾಗಿ ಒತ್ತಾಕ ಬರೂದಿಲ್ಲೇನ್ರಿ ನಿಮಗ? ಎಲ್ಲಾ ಮಸಿ ಮಸಿ!”

ಬೈಯುತ್ತ ಎತ್ತಿದ ಆ ಕೈಯ ಹೆಬ್ಬೆರಳು ನೇರಳೆಯಾಗಿತ್ತು. ಎಷ್ಟು ಸಾಬೂನು ಹಚ್ಚಿದ್ದರೋ, ಉಗುರಿನ ಸಂದಿಯ ಶಾಯಿ ಹೋಗಿರಲಿಲ್ಲ. ಮೇಡಂ ಅದನ್ನು ನೋಡಿದರು. “ಇನ್ನ ಮ್ಯಾಲೆ ಸರಿಯಾಗಿ ಒತ್ತತೀನ್ರಿ ಸರ್” ಎಂದು ಬಂದು ಕೂತು, ಪತ್ರವನ್ನು ಚೂರು ಚೂರು ಹರಿದರು. ಸೋಮವಾರ ಶಶಿಕಲಾ ಪರೀಕ್ಷೆಗೆ ಕೂತಳು ಎಂದು ದುರ್ಗಪ್ಪನಿಂದ ಕೇಳಿದೆ.

ಆಮೇಲೆ ಕಾಲ ಬೇಗ ಓಡಿತು. ಶುಲ್ಕ ಕಂಪ್ಯೂಟರಿಗೆ ಹೋಯಿತು. ಈಗ ರಾತ್ರಿ ಹನ್ನೆರಡಕ್ಕೆ ಯಂತ್ರ ತಾನೇ ಮುಚ್ಚಿಕೊಳ್ಳುತ್ತದೆಯಂತೆ. ಅದರ ಮುಂದೆ ಸಾಲಿಲ್ಲ, ಚೀಟಿಯಿಲ್ಲ. ನಡುಗುವ ಕೈ ಅದಕ್ಕೆ ಕಾಣುತ್ತದೆಯೋ ಇಲ್ಲವೋ, ಯಾರನ್ನು ಕೇಳಲಿ? 2015 ಬಂತು. ನನ್ನ ಕೊನೆಯ ವರ್ಷ. ಅದೇ ವರ್ಷ ಜಂಬಗಿ ಸಾಹೇಬರ ನಿವೃತ್ತಿಯೂ ಬಂತು.

ಬೀಳ್ಕೊಡುಗೆಗೆ ಶಾಖೆಯವರು ನನ್ನನ್ನೇ ಕಾಣಿಕೆ ಕೊಡುವುದೆಂದು ಮಾತಾಡಿಕೊಂಡರು. ಮುಲ್ಲಾ ಮೇಡಂ, ಆಗಲೂ ಹಂಗಾಮಿಯೇ, ಸೀಮೆಎಣ್ಣೆಯಲ್ಲಿ ನನ್ನನ್ನು ಒರೆಸಿದರು. ಆಮೇಲೆ ಬಾಗಿಲು ನೋಡಿಕೊಂಡು ಗಾಲಿ ಹಿಡಿದರು. ದಿನ, ತಿಂಗಳು, ವರ್ಷ, ಮೂರೂ ಹಿಂದಕ್ಕೆ. ಎಷ್ಟು ಟಿಕ್ ಎಂದು ಎಣಿಸಲಾಗಲಿಲ್ಲ. ಸಮಾರಂಭದಲ್ಲಿ ಸಾಹೇಬರು ಎದ್ದು ನಿಂತು, “ಮೂವತ್ತಾರು ವರ್ಷದ ನೌಕರಿಯೊಳಗ ಒಂದು ತಾರೀಖು ಹಿಂದ ಸರಿಸಿದಾಂವ ಅಲ್ಲ ನಾ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೇಡಂ.

ಈಗ ನಾನು ಸಾಹೇಬರ ಮನೆಯ ಕಪಾಟಿನಲ್ಲಿದ್ದೇನೆ. ಸುತ್ತ ಸ್ಟೀಲಿನ ಲೋಟ, ನಿಂತ ಗಡಿಯಾರ. ಮೈಮೇಲೆ ಈಗ ಶಾಯಿಯಿಲ್ಲ, ಮನಸ್ಸು ಮಾತ್ರ ಸುಮ್ಮನಿಲ್ಲ. ಬೀದಿಯಲ್ಲಿ ಯಾವುದಾದರೂ ಅಂಗಡಿಯ ಶಟರ್ ಇಳಿದರೆ ಇಂದಿಗೂ ಬೆಚ್ಚುತ್ತೇನೆ. ಲಕ್ಷಾಂತರ ಕಾಗದದ ಮೇಲೆ ಬಿದ್ದಿದ್ದೇನೆ. ಅವುಗಳಲ್ಲಿ ಎಷ್ಟು ಸುಳ್ಳಿದ್ದವು, ಕೇಳಲು ಬಾರದೆ ಹೋದ ಶಶಿಕಲೆಯರು ಎಷ್ಟು ಜನ?

ಸಾಹೇಬರ ಮನೆಗೆ ಬಂದ ಮೊದಲ ಸಂಜೆ ಅವರ ಹೆಂಡತಿ ನನ್ನನ್ನು ಬೆಳಕಿಗೆ ಹಿಡಿದು ನೋಡಿದ್ದರು.

“ಅಲ್ರೀ, ನೀವು ರಿಟೈರ್ ಆಗಿದ್ದು ಮೂವತ್ತೊಂದಕ್ಕ. ಇದರಾಗ ನವೆಂಬರ್ ಹದಿನಾಲ್ಕು ಐತಿ, ಅದೂ ನಾಕು ವರ್ಷದ ಹಿಂದಿಂದು. ಆ ಹೆಣ್ಮಗಳು ತಪ್ಪು ಹೊಂದಿಸ್ಯಾಳ ನೋಡ್ರಿ.”

ಸಾಹೇಬರು ಕನ್ನಡಕ ಹಾಕಿಕೊಂಡು ನನ್ನನ್ನು ತೆಗೆದುಕೊಂಡರು. ಓದಿದರು. ಹೆಬ್ಬೆರಳು ಗಾಲಿಯ ಮೇಲೆ ಬಂತು. ನಾನು ಟಿಕ್ ಎನ್ನುವುದನ್ನೇ ಕಾದೆ. ಬೆರಳು ಅಲುಗಲಿಲ್ಲ.

“ತಪ್ಪು ಹೊಂದಿಸಿಲ್ಲ.”

“ಮತ್ತ ಏನಿತ್ತ್ರಿ ಆವತ್ತ?”

ಸಾಹೇಬರು ಹೆಬ್ಬೆರಳನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡರು, ಅಲ್ಲಿ ಶಾಯಿ ಏನೂ ಇರಲಿಲ್ಲ.

“ಏನೂ ಇರಲಿಲ್ಲ” ಎಂದು ನನ್ನನ್ನು ಕಪಾಟಿನ ಒಳಬದಿಗೆ ಇಟ್ಟು ಗಾಜು ಸರಿಸಿದರು. “ಚಾ ಮಾಡು.”