ನಾನು ನಲವತ್ತೊಂದು ಅಂದೆ

ನಾನು ಒಂದು ಎಕ್ಸ್‌ಕವೇಟರ್. ಕಬ್ಬಿಣದ ಚೈನಿನ ಮೇಲೆ ನಡೆಯುವ, ಉದ್ದ ಕೈಯಿಂದ ನೆಲ ಅಗೆಯುವ ಯಂತ್ರ. ಊರುಗಳಲ್ಲಿ ಜನ ನನ್ನನ್ನು ಬೇರೆ ಯಾವುದೋ ಕಂಪನಿಯ ಹೆಸರು ಹಿಡಿದು ಕರೆಯುತ್ತಾರೆ. ನಾನೇನೂ ಬೇಸರಪಟ್ಟುಕೊಂಡಿಲ್ಲ.

ಕಾರ್ಖಾನೆಯಲ್ಲಿ ಮೊದಲು ನನಗೆ ಎಲುಬು ಬಂತು, ಆಮೇಲೆ ಎಂಜಿನ್, ಕೊನೆಗೆ ವೈರು. ಇಬ್ಬರು ಹೆಣ್ಣುಮಕ್ಕಳು ಉದ್ದನೆಯ ಮೇಜಿನ ಮೇಲೆ ಬಣ್ಣಬಣ್ಣದ ವೈರುಗಳನ್ನು ಜಡೆಯ ಹಾಗೆ ಕೂಡಿಸಿ, ಟೇಪು ಸುತ್ತಿ, ನನ್ನ ಮೈಯೊಳಗೆ ಹಾಯಿಸಿದರು. ಆ ಕ್ಷಣದಿಂದ ನನಗೆ ನೋವು ತಿಳಿಯತೊಡಗಿತು. ಬಾಯಿ ಮಾತ್ರ ಇಲ್ಲ. ಆಪರೇಟರ್ ಸೀಟಿನ ಬಲಕ್ಕೆ ಅಂಗೈಯಗಲದ ಪರದೆಯಿದೆ. ಎಲ್ಲಿ ನೋಯುತ್ತಿದೆ ಎಂದು ಅದರಲ್ಲಿ ಒಂದು ಅಂಕಿ ತೋರಿಸುತ್ತೇನೆ, ಬಜರ್ ಕೂಗಿಸುತ್ತೇನೆ. ಅದಕ್ಕೆ ಕೋಡ್ ಎನ್ನುತ್ತಾರೆ. ನನಗೆ ಬರುವ ಮಾತು ಅಷ್ಟೇ.

ಸಿಂಧನೂರು ಕಡೆಯ ಕಾಲುವೆ ಗುತ್ತಿಗೆದಾರ ಗುರುಪಾದಪ್ಪನವರು ನನ್ನ ಮೊದಲ ಧಣಿ. ಒಂಬತ್ತು ವರ್ಷ ಎರೆಮಣ್ಣು ಅಗೆದೆ. ಜೆಟ್ಟೆಪ್ಪ ಎಂಬ ಆಪರೇಟರ್ ನನ್ನನ್ನು ನಡೆಸುತ್ತಿದ್ದ. ಒಂಬತ್ತನೆಯ ವರ್ಷದ ಬೇಸಿಗೆಯಲ್ಲಿ, ಕ್ಯಾಬಿನ್ನಿನ ಕೆಳಗೆ ವೈರಿನ ಜಡೆ ತಗಡಿನ ತೂತಿನಿಂದ ದಾಟುವ ಜಾಗದಲ್ಲಿ, ಅಂಚಿಗೆ ಹಾಕಿದ್ದ ರಬ್ಬರ್ ಬಳೆ ಒಣಗಿ ಉದುರಿತು. ಅಂದಿನಿಂದ ಕ್ಯಾಬಿನ್ ಅಲುಗಿದಾಗಲೆಲ್ಲ ವೈರು ತಗಡಿಗೆ ಉಜ್ಜುತ್ತಿತ್ತು. ಒಂದು ದಿನ ಎಂಜಿನ್ ವೇಗದ ಸುದ್ದಿ ತರುವ ವೈರು ಒಳಗಿನ ತಾಮ್ರದವರೆಗೆ ಸವೆಯಿತು. ನಾನು ನಲವತ್ತೊಂದು ಅಂದೆ. ಎಂಜಿನ್ ನಿಂತಿತು.

ಜೆಟ್ಟೆಪ್ಪ ಕೀಲಿ ತಿರುವಿ ಮತ್ತೆ ಚಾಲೂ ಮಾಡಿದ. ಅಂಕಿ ಮಾಯವಾಯಿತು.

"ಬಂದದ್ದು ಹೋಯ್ತಲ್ಲ, ಇನ್ನೇನು?" ಅಂದರು ಗುರುಪಾದಪ್ಪನವರು. ಮರುತಿಂಗಳು ನನ್ನನ್ನು ಮಾರಿದರು.

ಹುಬ್ಬಳ್ಳಿ ಹೊರವಲಯದಲ್ಲಿ ಹಳೇ ಯಂತ್ರಗಳ ಒಂದು ಯಾರ್ಡ್. ಅಲ್ಲಿನ ದಲಾಲಿ ಚೌಗುಲೆ ನನಗೆ ಹೊಸ ಬಣ್ಣ ಬಳಿಸಿದ. ಮಾರುವ ದಿನ ಎಲೆಕ್ಟ್ರಿಷಿಯನ್ ರಾಚಯ್ಯನನ್ನು ಕರೆಸಿದ. ರಾಚಯ್ಯ ಮೆತ್ತಗಿನ ಕೈಯವನು, ಅವಸರ ಗೊತ್ತಿಲ್ಲದವನು. ಅವನು ಲ್ಯಾಪ್‌ಟಾಪಿನ ವೈರು ನನಗೆ ಚುಚ್ಚಿ ನೋಡಿದ. ನನ್ನ ನೆನಪಿನಲ್ಲಿ ನಲವತ್ತೊಂದು ಹದಿನೇಳು ಸಲ ಇತ್ತು.

"ಇದು ವೈರಿನ ರೋಗ ಇದ್ದಂಗೈತಿ," ಅಂದ ರಾಚಯ್ಯ. "ಎಲ್ಲೆ ಕಡಿಯಾಕತ್ತೈತಿ ಹುಡುಕಬೇಕು. ಎರಡು ದಿನ ಕೊಡ್ರಿ."

"ಸಂಜೀಕ ಗಿರಾಕಿ ಬರತಾರ. ಅಳಿಸಿಬಿಡು."

"ಅಳಿಸಿದ್ರ ಮತ್ತ ಬರತೈತ್ರಿ."

"ಬರ್ಲಿ. ಬರೋದ್ರಾಗ ಗಾಡಿ ಅವರದಾಗಿರತೈತಿ. ಆ ಬಜರ್ ವೈರೂ ಕಿತ್ತು ಹಾಕು."

ರಾಚಯ್ಯ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡ. ಆಮೇಲೆ ಒಂದು ಗುಂಡಿ ಒತ್ತಿದ. ನನ್ನ ಹದಿನೇಳು ಕೂಗುಗಳೂ ಒಮ್ಮೆಗೇ ಅಳಿಸಿಹೋದವು. ಬಜರ್ ವೈರನ್ನೂ ಬಿಚ್ಚಿದ. ಇಳಿದು ಹೋಗುವಾಗ ತಿರುಗಿ ನೋಡಲಿಲ್ಲ.

ನನ್ನನ್ನು ಕೊಂಡವರು ಜಮಖಂಡಿಯ ಗೌರವ್ವ. ಗಂಡ ತೀರಿಕೊಂಡ ಮೇಲೆ ಒಳಚರಂಡಿ ಪೈಪು ಹಾಕುವ ಕೆಲಸವನ್ನು ತಾವೇ ನಡೆಸುತ್ತಿದ್ದರು. ಆಪರೇಟರ್ ಸಾಬಣ್ಣ ಯಾದಗಿರಿ ಕಡೆಯವನು. ಗುಂಡಿಯೊಳಗೆ ನಿಂತು ಪೈಪು ಕೂಡಿಸುವವನು ದುರುಗಪ್ಪ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಸಾಬಣ್ಣನ ಕೈಯನ್ನು ದುರುಗಪ್ಪ ಎಷ್ಟು ನಂಬಿದ್ದನೆಂದರೆ, ಪೈಪು ತಲೆಯ ಮೇಲೆ ತೂಗುತ್ತಿದ್ದರೂ ಬೀಡಿ ಹಚ್ಚುತ್ತಿದ್ದ.

ಮೂರನೆಯ ತಿಂಗಳು, ಒಂದು ಬೆಳಿಗ್ಗೆ. ಸಿಮೆಂಟ್ ಪೈಪನ್ನು ಸರಪಳಿಯಲ್ಲಿ ಎತ್ತಿ ಎಡಕ್ಕೆ ತಿರುಗುತ್ತಿದ್ದೆ. ಕ್ಯಾಬಿನ್ ಅಲುಗಿತು, ವೈರು ತಗಡಿಗೆ ತಾಗಿತು. ನಲವತ್ತೊಂದು ಅಂದೆ. ಬಜರ್ ಕೂಗಲಿಲ್ಲ. ಸಾಬಣ್ಣನ ಕಣ್ಣು ಗುಂಡಿಯ ಮೇಲಿತ್ತು, ಪರದೆಯ ಮೇಲಲ್ಲ. ಎಂಜಿನ್ ಸತ್ತಿತು, ನಾನು ಧಕ್ಕನೆ ನಿಂತೆ. ಪೈಪು ನಿಲ್ಲಲಿಲ್ಲ. ತೂಗಿಕೊಂಡು ಹೋಗಿ ದುರುಗಪ್ಪನ ಬಲಗೈಯನ್ನು ಗುಂಡಿಯ ಗೋಡೆಗೆ ಒತ್ತಿತು.

ಆ ಕೂಗನ್ನು ನಾನು ಮರೆತಿಲ್ಲ. ಮೂರು ಬೆರಳು ಹೋದವು.

ಗದ್ದಲದಲ್ಲಿ ಯಾರೋ ಕೀಲಿ ತಿರುವಿದರು. ನಾನು ಏನೂ ಆಗದವನ ಹಾಗೆ ಚಾಲೂ ಆದೆ. ಅದೇ ಸಾಬಣ್ಣನಿಗೆ ಮುಳುವಾಯಿತು. ಗಾಡಿ ಸರಿಯಿದೆ, ಅವನೇ ಕುಡಿದು ನಡೆಸಿದ್ದಾನೆ ಎಂದರು ಜನ. ದುರುಗಪ್ಪನ ತಮ್ಮಂದಿರು ಅವನ ಅಂಗಿ ಹರಿದರು. ಆಸ್ಪತ್ರೆಯಲ್ಲಿ ದುರುಗಪ್ಪ ಅವನ ಮುಖ ನೋಡಲಿಲ್ಲವಂತೆ.

"ಅಕ್ಕಾರ, ಗಾಡಿ ತಾನಾ ಬಂದ್ ಆತ್ರಿ. ನಮ್ಮವ್ವನ ಆಣಿ," ಅಂದ ಸಾಬಣ್ಣ.

ಗೌರವ್ವ ಅವನನ್ನು ನಂಬಲೂ ಇಲ್ಲ, ಪೂರ್ತಿ ಬಿಡಲೂ ಇಲ್ಲ. ದಲಾಲಿಯಿಂದ ನಂಬರ್ ಪಡೆದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಬಂದವನು ರಾಚಯ್ಯ.

ನನ್ನನ್ನು ಕಂಡಕೂಡಲೇ ಅವನ ನಡಿಗೆ ನಿಧಾನವಾಯಿತು. ಲ್ಯಾಪ್‌ಟಾಪಿನಲ್ಲಿ ಮತ್ತೆ ಅದೇ ನಲವತ್ತೊಂದು. ಎಂಜಿನ್ ವೇಗ ಅಳೆಯುವ ಸೆನ್ಸರ್ ಹೊಸದು ಹಾಕಿ ನೋಡಿದ, ಕೋಡ್ ಮತ್ತೆ ಬಂತು. ಎಂಜಿನ್ ಚಾಲೂ ಇಟ್ಟು, ವೈರಿನ ಜಡೆಯನ್ನು ಗೇಣುಗೇಣಾಗಿ ಒತ್ತುತ್ತ ಬಂದ. ಕ್ಯಾಬಿನ್ನಿನ ಕೆಳಗೆ ಆ ತೂತಿನ ಬಳಿ ಬೆರಳಿಟ್ಟ. ಎಂಜಿನ್ ನಿಂತಿತು. ಟೇಪು ಬಿಚ್ಚಿದ. ತಾಮ್ರ ಹಸಿರುಗಟ್ಟಿತ್ತು.

"ಆಪರೇಟರ್‌ಂದು ತಪ್ಪಿಲ್ರಿ ಅಕ್ಕಾರ," ಅಂದ.

"ಯಾವಾಗಿಂದ ಹಿಂಗೈತಿ?"

ಈಗೀಗ ಆಗಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಹಳೆಯ ಅಂಕಿಗಳನ್ನು ಬಲ್ಲವರು ಅಲ್ಲಿ ಅವನು ಮತ್ತು ನಾನು ಇಬ್ಬರೇ. ರಾಚಯ್ಯ ಕೈಯ ಗ್ರೀಸನ್ನು ಒರೆಸಿದ, ಮತ್ತೆ ಒರೆಸಿದ.

"ನೀವು ತಗೊಳ್ಳೂಕ್ಕಿಂತ ಮೊದಲಿಂದ. ಮಾರೋ ದಿನ ನಾನಾ ಅಳಿಸಿದ್ನಿ. ಬಜರ್‌ನೂ ನಾನಾ ಬಿಚ್ಚಿದ್ನಿ."

ಸಾಬಣ್ಣ ಅವನ ಮೇಲೆ ಏರಿಹೋಗುತ್ತಾನೆ ಅಂದುಕೊಂಡೆ. ಆದರೆ ಸಾಬಣ್ಣ ನನ್ನ ಚೈನಿಗೆ ಒರಗಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಗೌರವ್ವ ರಾಚಯ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋದರು. ಅಲ್ಲಿ ಏನು ನಡೆಯಿತೋ ನಾನು ಕಾಣೆ. ಮಾತು ಊರೆಲ್ಲ ಹರಡಿತು. ಆ ಯಾರ್ಡು ರಾಚಯ್ಯನನ್ನು ಮತ್ತೆ ಕರೆಯಲಿಲ್ಲ. ಕೆಲಸಕ್ಕೆ ಬಾ ಎಂದು ಗೌರವ್ವ ಸಾಬಣ್ಣನಿಗೆ ನಾಲ್ಕು ಸಲ ಹೇಳಿ ಕಳಿಸಿದರು. ಐದನೆಯ ಸಲಕ್ಕೆ ಬಂದ, ಸೀಟಿನಲ್ಲಿ ಕೂತ, ಹಿಡಿಕೆ ಹಿಡಿದ. ಕೀಲಿ ತಿರುವಲೇ ಇಲ್ಲ. ಇಳಿದು ಹೋದವನು ಮತ್ತೆ ಯಾವ ಯಂತ್ರವನ್ನೂ ಹತ್ತಲಿಲ್ಲವಂತೆ.

ಈಗ ನಾನು ಗೌರವ್ವನ ಗೋದಾಮಿನ ಹಿಂದೆ ಜಾಲಿಗಿಡದ ಪಕ್ಕ ನಿಂತಿದ್ದೇನೆ. ಎಂಜಿನ್ ಬಿಚ್ಚಿದ್ದಾರೆ, ಚೈನು ನೆಲಕ್ಕೆ ಹೂತಿದೆ. ಇಲ್ಲಿನ ಕಾವಲುಗಾರ ದುರುಗಪ್ಪ. ಮಧ್ಯಾಹ್ನ ನನ್ನ ಮಣ್ಣೆತ್ತುವ ಬಕೆಟ್ಟಿನ ನೆರಳಲ್ಲಿ ಕೂತು ಎಡಗೈಯಿಂದ ರೊಟ್ಟಿ ಮುರಿಯುತ್ತಾನೆ.

ಹೋದ ವಾರ ರಾಚಯ್ಯ ಬಂದಿದ್ದ, ನನ್ನ ಪರದೆಯನ್ನು ಬೇರೆ ಯಂತ್ರಕ್ಕೆ ಬಿಚ್ಚಿಕೊಂಡು ಹೋಗಲು. ದುರುಗಪ್ಪ ಗೇಟು ತೆರೆದು ಅವನ ಹಿಂದೆಯೇ ಬಂದ.

"ಅವತ್ತು ನೀ ಹೇಳಿದಿ," ಅಂದ ದುರುಗಪ್ಪ. "ಇಲ್ಲಾಂದ್ರ ಸಾಯೋತನಕ ಸಾಬಣ್ಣಗ ಶಾಪ ಹಾಕತಿದ್ನಿ."

"ಹೇಳಬೇಕಾದ ದಿನ ಹೇಳಲಿಲ್ಲ."

"ಹೌದು," ಅಂದ ದುರುಗಪ್ಪ. "ಹೇಳಲಿಲ್ಲ."

ರಾಚಯ್ಯ ತಲೆಯಾಡಿಸಿದ. ಕ್ಷಮೆ ಕೇಳಲಿಲ್ಲ; ಕೇಳಿದ್ದರೂ ದುರುಗಪ್ಪ ಕೊಡುತ್ತಿದ್ದನೋ ಇಲ್ಲವೋ. ಆದರೆ ರಾಚಯ್ಯ ಕ್ಯಾಬಿನ್ ಹತ್ತುವಾಗ ದುರುಗಪ್ಪ ಅವನ ಚೀಲವನ್ನು ಎಡಗೈಯಲ್ಲಿ ಎತ್ತಿ ಕೊಟ್ಟ.

ಪರದೆ ಹೋದ ಮೇಲೆ ನನಗೆ ಒಂದು ಅಂಕಿಯನ್ನೂ ಹೇಳಲಾಗದು. ಮೊದಲು ಅಂದುಕೊಳ್ಳುತ್ತಿದ್ದೆ, ನಾನು ಇನ್ನೂ ಜೋರಾಗಿ ಕೂಗಬೇಕಿತ್ತೆಂದು. ಈಗ ಹಾಗನ್ನಿಸುವುದಿಲ್ಲ. ನನ್ನ ಕೂಗು ಗುರುಪಾದಪ್ಪನವರಿಗೂ, ಚೌಗುಲೆಗೂ, ರಾಚಯ್ಯನಿಗೂ ಕೇಳಿಸಿತ್ತು.