ಬಾಗಿಲು ತೆಗೆದರೆ ಸೊಪ್ಪು ಒಣಗುತ್ತದೆ

ನನಗೆ ಜ್ವರ ಬಿಟ್ಟು ಏಳು ವಾರವಾಗಿತ್ತು. ಕೆಮ್ಮು ಬಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಜ್ವರಕ್ಕೆ ಸಿಗುವ ಮರ್ಯಾದೆ ಕೆಮ್ಮಿಗೆ ಸಿಗುವುದಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ, ಗಂಜಿ ಕಾಯಿಸಿ ಕೊಡುತ್ತಾರೆ. ಕೆಮ್ಮಿದರೆ ನೀರು ಕುಡಿ ಅನ್ನುತ್ತಾರೆ, ಅಷ್ಟೇ.

ಕೆ.ಆರ್. ನಗರದಲ್ಲಿ ನಾದಿನಿ ಹೊಸ ಮನೆ ಕಟ್ಟಿದ್ದಳು. ಗೃಹಪ್ರವೇಶಕ್ಕೆ ಹೋಗಿ ಬಂದ ಮೂರನೇ ದಿನ ನಾವು ಮೂವರೂ ಮಲಗಿದೆವು: ನಾನು, ನನ್ನ ಗಂಡ ನಟರಾಜು, ಅತ್ತೆ ಯಶೋದಮ್ಮ. ಒಂದೇ ಜ್ವರ, ಒಂದೇ ಮಾತ್ರೆ, ಒಂದೇ ಚೊಂಬಿನ ಕಷಾಯ. ಇವರು ನಾಲ್ಕನೇ ದಿನಕ್ಕೆ ಬೈಕ್ ಹತ್ತಿದರು. ಅತ್ತೆ ವಾರಕ್ಕೆ ಎದ್ದು ಮುದ್ದೆ ತಿರುವಿದರು. ನಾನೂ ಎದ್ದೆ, ಆದರೆ ನನ್ನ ಎದೆ ಮೊದಲಿನ ಎದೆಯಾಗಿರಲಿಲ್ಲ. ಒಗ್ಗರಣೆ ಘಾಟಿಗೆ ಕೆಮ್ಮು, ಬೆಳಗಿನ ಚಳಿಗೆ ಕೆಮ್ಮು, ಜೋರಾಗಿ ನಕ್ಕರೂ ಕೆಮ್ಮು. ಕೆಮ್ಮಿ ಮುಗಿದ ಮೇಲೆ ಎದೆಗೆ ಹಗ್ಗ ಬಿಗಿದಂತಾಗುತ್ತಿತ್ತು. ಒಳಗೆ ಹೋದ ಉಸಿರಿಗೆ ಹೊರಗೆ ಬರಲು ದಾರಿ ಸಿಗುತ್ತಿರಲಿಲ್ಲ.

ಬೇರೆ ಕಾಲವಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅದು ಸೊಪ್ಪು ಬಿಡಿಸುವ ಕಾಲ. ಗುರುಪುರದ ಪಕ್ಕದ ನಮ್ಮೂರಲ್ಲಿ ಸೊಪ್ಪು ಅಂದರೆ ಹೊಗೆಸೊಪ್ಪು, ಬೇರೆ ಸೊಪ್ಪಿಗೆ ಹೆಸರು ಹೇಳಬೇಕು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ಬೇಯಿಸಿ ಇಳಿಸಿದ ಎಲೆಯನ್ನು ಬಣ್ಣ ನೋಡಿ, ನಿಂಬೆಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು ಒಂದು ಕಡೆ ಎಂದು ವಿಂಗಡಿಸಿ ಹರಾಜಿಗೆ ಬೇಲು, ಅಂದರೆ ಮೂಟೆ, ಕಟ್ಟಬೇಕು. ಈ ಕೆಲಸ ಮುಚ್ಚಿದ ಕೋಣೆಯಲ್ಲೇ ಆಗಬೇಕು. ತೇವ ಕೊಟ್ಟು ಹದಕ್ಕೆ ತಂದ ಎಲೆಗೆ ಕಾರ್ತಿಕದ ಒಣಗಾಳಿ ಅರ್ಧ ಗಂಟೆ ಬಡಿದರೆ ಸಾಕು, ಮುಟ್ಟಿದ ಕಡೆ ಪುಡಿಯಾಗುತ್ತದೆ. ಅದಕ್ಕೆ ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಒಳಗೆ ಒಂದು ಬಲ್ಬು, ಎರಡು ಮಣೆ, ಅತ್ತೆ, ನಾನು.

ನನ್ನ ತವರು ಕೋಟೆ ತಾಲ್ಲೂಕಿನ ಎನ್. ಬೇಗೂರು. ಮದುವೆಯಾಗಿ ಬಂದಾಗ ನನಗೆ ಈ ಎಲೆಯ ಗಂಧಗಾಳಿ ಗೊತ್ತಿರಲಿಲ್ಲ. ಕಲಿಸಿದ್ದು ಅತ್ತೆಯೇ. ಹನ್ನೆರಡು ವರ್ಷದಲ್ಲಿ ಎಷ್ಟು ಕಲಿತೆನೆಂದರೆ, ಪ್ರಮೀಳಾ ಬಿಡಿಸಿದ ಬೇಲನ್ನು ಕಣ್ಣು ಮುಚ್ಚಿ ತಗೋಬಹುದು ಎಂದು ಹರಾಜಿನಲ್ಲಿ ಕೊಳ್ಳುವವರೇ ಅಂದರಂತೆ. ಹೊಗಳಿಕೆ ಕೇಳಿ ನಾನೂ ಉಬ್ಬಿದ್ದೆ. ಈಗ ಅನ್ನಿಸುತ್ತದೆ, ಆ ಹೊಗಳಿಕೆಯೇ ನನ್ನ ಕಾಲಿಗೆ ಬಿದ್ದ ಕುಣಿಕೆ.

ಕೆಮ್ಮಿಗೆ ಮಲಗಲಾಗದೆ ನಾನು ಹಟ ಹಿಡಿದು ಕೂತ ಮೇಲೆ ಇವರು ಹುಣಸೂರಿಗೆ ಕರೆದುಕೊಂಡು ಹೋದರು. ಡಾಕ್ಟರ್ ಮಹೇಶ್‌ಕುಮಾರ್ ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿದರು, ಬಾಯಿಗೆ ಕೊಳವೆ ಕೊಟ್ಟು ಊದಿಸಿದರು.

"ಎಕ್ಸ್‌ರೇ, ರಕ್ತ ಎಲ್ಲಾ ನಾರ್ಮಲ್ ಇದೆ. ವೈರಸ್ ಹೋಗಿ ಎಷ್ಟೋ ದಿನ ಆಗಿದೆ. ಆದ್ರೆ ಊದೋದ್ರಲ್ಲಿ ಶ್ವಾಸನಾಳ ಬಿಗಿದಿರೋದು ಗೊತ್ತಾಗ್ತಿದೆ" ಅಂದರು. ನಂತರ ಇವರ ಕಡೆ ತಿರುಗಿ, "ನಿಮ್ಮೂರಿಗೆ ಆನೆ ಬರುತ್ತಾ?" ಎಂದು ಕೇಳಿದರು.

"ಬತ್ತದೆ ಸಾರ್. ವೋದ್ ತಿಂಗ್ಳೂ ಬಂದಿತ್ತು."

"ಆನೆ ಹೋದ ಮಾರನೇ ದಿನ ಕಾವಲಿರೋರು ಏನ್ ಮಾಡ್ತಾರೆ?"

"ನಾಯಿ ಅಲ್ಲಾಡುದ್ರೂ ಪಟಾಕಿ ಒಡಿತಾರೆ ಸಾರ್."

"ಇವರ ಎದೇಲೂ ಅದೇ ಆಗ್ತಿರಬೇಕು. ಶ್ವಾಸಕೋಶದಲ್ಲಿ ಮೊದಲಿಂದ ಇದ್ದ ಕಾವಲು ಕೋಶಗಳಲ್ಲಿ ಜ್ವರಕ್ಕೆ ಎಷ್ಟೋ ಸತ್ತು ಹೋಗ್ತವೆ. ಆ ಜಾಗಕ್ಕೆ ರಕ್ತದಿಂದ ಹೊಸವು ಬಂದು ಸೇರ್ಕೋತವೆ. ಅವು ಇನ್ನೂ ಪಳಗಿಲ್ಲ. ಧೂಳು ಬಂದ್ರೂ ಪಟಾಕಿ ಹಚ್ತವೆ. ಸುಡೋದು ಮಾತ್ರ ಇವರದೇ ಹೊಲ. ಇಷ್ಟು ಗದ್ದಲ ಮಾಡಿದ್ರೂ, ನಿಜವಾದ ರೋಗಾಣು ಬಂದಾಗ ಹಿಡಿಯೋದ್ರಲ್ಲಿ ಹಿಂದೆ ಬೀಳಬಹುದು."

"ನಮ್ಗ್ಯಾಕೆ ಆಗ್ಲಿಲ್ಲ ಸಾರ್? ನಮ್ಗೂ ಅದೇ ಜ್ವರ."

"ಎಲ್ಲರ ಮೈ ಒಂದೇ ಥರ ಇರಲ್ಲ. ಕೆಲವರಿಗೆ ವಾರದಲ್ಲಿ ಸರಿ ಹೋಗುತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಎರಡು ತಿಂಗಳು ಸೊಪ್ಪಿನ ಕೋಣೆ ಕಡೆ ಹೋಗಬಾರದು. ಉಸಿರಿನ ಔಷಧಿಯ ಈ ಪಂಪನ್ನ ಬಾಯಿಗಿಟ್ಟು ಎಳ್ಕೋಬೇಕು."

ನನಗೆ ಅಳು ಬಂತು. ಯಾರೋ ಒಬ್ಬರು ನಂಬಿದರಲ್ಲ ಎಂಬ ಖುಷಿಗೆ ಬಂದ ಅಳು ಅದು. ಇವರು ತಲೆಯಾಡಿಸಿದರು. ಇವರ ತಲೆಯಾಟವನ್ನು ಕಂಡು ಮೋಸ ಹೋಗುವುದು ನನಗೆ ಹೊಸದಲ್ಲ.

ಮನೆಗೆ ಬಂದು ಜಗಲಿ ಮೇಲೆ ಕೂತವರೇ ತಾಯಿಗೆ ವರದಿ ಒಪ್ಪಿಸಿದರು. "ಏನೂ ಇಲ್ವಂತೆ ಕಣವ್ವ. ರಿಪೋಲ್ಟೆಲ್ಲ ನಾರ್ಮಲ್ಲು. ಇಮ್ಯುನಿಟಿ ಜಾಸ್ತಿ ಆಗ್ಬುಟ್ಟದಂತೆ ಇವ್ಳಿಗೆ. ಒಸಾ ಕಾವ್ಲು ಬಂದು ಸೇರ್ಕಂಡದಂತೆ."

ಅಲ್ಲಿಗೆ ಮುಗಿಯಿತು. ಕೊರೊನಾ ಕಾಲದಿಂದ ಇಮ್ಯುನಿಟಿ ಜಾಸ್ತಿಯಾಗಲಿ ಎಂದು ಊರಿಗೆ ಊರೇ ಅಮೃತಬಳ್ಳಿ ಕುದಿಸಿ ಕುಡಿದಿದೆ. ಅದು ಜಾಸ್ತಿಯಾದರೆ ಕಾಯಿಲೆ ಎಂದರೆ ಯಾರು ಕೇಳುತ್ತಾರೆ? ಎಲ್ಲರೂ ಬಯಸಿದ್ದು ನನಗೆ ಸಿಕ್ಕಿದೆ, ಅದನ್ನಿಟ್ಟುಕೊಂಡು ನಾನು ಸೋಗು ಹಾಕುತ್ತಿದ್ದೇನೆ.

"ಡಾಕ್ಟ್ರು ಕೋಣೆಗೆ ಹೋಗ್ಬೇಡಿ ಅಂದ್ರಲ್ಲ, ಅದನ್ನೂ ಹೇಳಿ" ಅಂದೆ.

"ಅವ್ರಿಗೇನು ಗೊತ್ತು, ಬುಡು. ಇನ್ನು ಮೂರ್ ದಿನಕ್ಕೆ ನಮ್ಮ ಹರಾಜು. ಎಲ್ಲಾರ್ ಮನೇಲೂ ಸೊಪ್ಪು ಬಿಡುಸ್ತಾವ್ರೆ, ಆಳು ಎಲ್ಲಿಂದ ತರ್ಲಿ? ಮಾಸ್ಕ್ ಆಕ್ಕೊ."

ಬೇಗೂರಿಗೆ ಫೋನ್ ಮಾಡಿದೆ. ನನ್ನ ತಾಯಿ, "ಹರಾಜು ಮುಗಿಸ್ಕಂಡು ಬಾ ಮಗ, ಈಗ ಬಂದ್ರೆ ಅವ್ರು ಏನಂದ್ಕಂಡಾರು" ಅಂದಳು. ಫೋನ್ ಇಟ್ಟು ಮಾಸ್ಕ್ ಹಾಕಿಕೊಂಡು ಕೋಣೆಗೆ ಹೋದೆ. ಅತ್ತೆ ಬಾಗಿಲು ಹಾಕಿ ಸಂದಿಗೆ ಒದ್ದೆ ಬಟ್ಟೆ ತುರುಕಿದರು.

ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ಪಂಪನ್ನು ನಾಲ್ಕು ಸಲ ಎಳೆದುಕೊಂಡೆ. ಅತ್ತೆ ಎಲೆಯಿಂದ ಕಣ್ಣು ತೆಗೆಯದೆ, "ಸೊಪ್ಪಿನ್ ಗಾಳಿಗೆ ಕ್ರಿಮಿ ಸಾಯ್ತದೆ ಕಣವ್ವ. ಒಗ್ಗಿ ಹೋಯ್ತದೆ" ಅಂದರು. ಅವರಿಗೂ ಕೆಮ್ಮು ಇತ್ತು. ಇಷ್ಟು ವರ್ಷವೂ ಇತ್ತು. ಗೋಡೆ ಗಡಿಯಾರದ ಸದ್ದಿನಂತೆ, ಅದು ನಮ್ಮ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು.

ಮೂರನೇ ದಿನ ಮಧ್ಯಾಹ್ನ ಇವರು ಬೇಲುಗಳಿಗೆ ಸುತ್ತುವ ಗೋಣಿಪಟ್ಟೆ ತರಲು ಹುಣಸೂರಿಗೆ ಹೋಗಿದ್ದರು. ಉಳಿದದ್ದು ಒಳ್ಳೆಯ ಸೊಪ್ಪು, ಗಿಡದ ಮೇಲ್ಭಾಗದ ಕೊಯ್ಲಿನದು, ಇಡೀ ಕೋಣೆ ತುಂಬ ಹರಡಿತ್ತು. ಒಂದು ಕಟ್ಟು ಬಿಚ್ಚಿ ಒದರಿದೆ. ಬಲ್ಬಿನ ಬೆಳಕಿನಲ್ಲಿ ಧೂಳು ಏಳುವುದು ಕಂಡಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಪಂಪು ಎಳೆದೆ. ಮತ್ತೆ ಎಳೆದೆ. ಔಷಧಿ ಇಳಿಯಲು ಎದೆಯಲ್ಲಿ ಜಾಗವಿರಲಿಲ್ಲ. ಆಚೆ ಮೂಲೆಯಲ್ಲಿ ಬೆನ್ನು ಮಾಡಿ ಕೂತಿದ್ದ ಅತ್ತೆಯನ್ನು ಕೂಗಬೇಕೆಂದರೆ ಕೂಗಲು ಉಸಿರು ಬೇಕಲ್ಲ. ಎದ್ದು ಬಾಗಿಲ ಚಿಲಕ ಹಿಡಿದೆ.

ಹಿಡಿದು ನಿಂತೆ. ನಾಚಿಕೆಯಾಗುತ್ತದೆ ಹೇಳಲು, ಕಣ್ಣು ಕತ್ತಲೆ ಬರುತ್ತಿದ್ದಾಗಲೂ ತಿರುಗಿ ಸೊಪ್ಪು ನೋಡಿದೆ. ವರ್ಷದ ದುಡಿಮೆ, ನಾನೇ ಹದ ಮಾಡಿದ್ದು. ಬಾಗಿಲು ತೆಗೆದರೆ ಒಣಗುತ್ತದೆ ಎಂದು ನನ್ನ ತಲೆಯೇ ನನಗೆ ಹೇಳಿತು. ಆ ಕ್ಷಣ ನನ್ನನ್ನು ಕಟ್ಟಿಹಾಕಿದ್ದು ಇವರೂ ಅಲ್ಲ, ಅತ್ತೆಯೂ ಅಲ್ಲ.

ಆಮೇಲೆ ಚಿಲಕ ಎಳೆದೆ.

ಅಂಗಳದಲ್ಲಿ ಮಂಡಿಯೂರಿ ಬಿದ್ದೆ. ಗಾಳಿ ನನ್ನನ್ನು ದಾಟಿ ಕೋಣೆಗೆ ನುಗ್ಗಿತು. ಒಳಗಿನಿಂದ ಅತ್ತೆ, "ಬಾಗ್ಲು ಆಕವ್ವ, ಬಾಗ್ಲು!" ಎಂದು ಕಿರುಚುತ್ತ ಈಚೆ ಬಂದರು. ಬಂದವರು ನನ್ನ ಮುಖ ನೋಡಿದರು. ಬಾಗಿಲನ್ನು ಹಾಗೇ ಎಳೆದು ಮುಚ್ಚಿ, ಪಕ್ಕದಲ್ಲಿ ಕೂತು, ಬೀಳಿಸಿಕೊಂಡಿದ್ದ ಪಂಪನ್ನು ಸೀರೆಯಿಂದ ಒರೆಸಿ ನನ್ನ ಬಾಯಿಗಿಟ್ಟರು. ಬೆನ್ನು ಸವರಿದರು. ಎಷ್ಟೋ ಹೊತ್ತಿನ ಮೇಲೆ ನನ್ನ ಎದೆ ಸ್ವಲ್ಪ ಬಿಟ್ಟುಕೊಂಡಿತು.

"ನಂಗೂ ಇಂಗೇ ಆಗಿತ್ತು" ಅಂದರು ಅತ್ತೆ. "ನಿನ್ ಗಂಡ ಇನ್ನೂ ಇಸ್ಕೂಲಿಗ್ ವೋಯ್ತಿದ್ದ. ಜ್ವರ ಬಂದು ಬುಟ್ಟಿತ್ತು, ಆಮ್ಯಾಕೆ ಉಸ್ರೇ ಆಡ್ತಿರ್ಲಿಲ್ಲ. ನಮ್ಮತ್ತೆಗೆ ಏಳ್ದೆ. ಸೊಪ್ಪಿನ್ ಗಾಳಿ ಕುಡಿ, ಸರಿ ವೋಯ್ತದೆ ಅಂದ್ರು. ಕುಡುದೆ."

"ಸರಿ ಹೋಯ್ತಾ ಅತ್ತೆ?"

ಅವರು ಪಂಪನ್ನು ನನ್ನ ಕೈಗಿಟ್ಟರು. ಮಂಡಿ ಹಿಡಿದುಕೊಂಡು ಎದ್ದರು. "ಅವ್ನು ಬಂದ್ರೆ ನಾನೇ ಈಚೆ ಕಳುಸ್ದೆ ಅಂತ ಏಳ್ತೀನಿ. ನೀನು ಇನ್ನು ಒಳಕ್ಕೆ ಬರ್ಬ್ಯಾಡ. ಇವತ್ತೂ ಬ್ಯಾಡ, ನಾಳ್ಕೂ ಬ್ಯಾಡ."

"ನೀವೂ ಹೋಗ್ಬೇಡಿ."

"ಯಾರಾರ ಒಬ್ರು ಇರ್ಬೇಕಲ್ಲವ್ವ ಒಳ್ಗೆ."

ನಾನು ಸೆರಗು ಹಿಡಿಯುವ ಮೊದಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕುವುದು ಕಂಡಿತು. ಕದ ಬಡಿದೆ, "ಅತ್ತೆ, ತೆಗೀರಿ" ಎಂದೆ. ತೆಗೆಯಲಿಲ್ಲ. ಈ ಕೋಣೆಯಿಂದ ನನ್ನನ್ನು ಬಿಡಿಸಪ್ಪ ಎಂದು ಎಷ್ಟು ದಿನ ದೇವರಲ್ಲಿ ಬೇಡಿಕೊಂಡಿದ್ದೆ. ನನ್ನ ಜಾಗಕ್ಕೂ ಸೇರಿ ಅರವತ್ತೆರಡು ವರ್ಷದ ಹೆಂಗಸೊಬ್ಬಳು ಒಳಗೆ ಕೂರುತ್ತಾಳೆ ಎಂದು ಯೋಚಿಸಿರಲಿಲ್ಲ.

ಒಳಗೆ ಕೆಮ್ಮು ಶುರುವಾಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನದನ್ನು ಕೇಳಿಸಿಕೊಂಡೆ. ಕದಕ್ಕೆ ಹಣೆ ಒತ್ತಿ ನಿಂತಿದ್ದೆ, ಸಂಕಟದಿಂದ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಎದೆ ಮಾತ್ರ ಯಾವ ಮಾನವೂ ಇಲ್ಲದೆ, ಸಿಕ್ಕಿದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತಲೇ ಇತ್ತು.