ಗ್ರೈಂಡರ್ ಹಿಂದಿನ ಗಂಜಿ

ಕೆಲಸದವರಿಗೆ ಪನ್ನೀರ್ ತಿನ್ನಿಸಿದ ತಪ್ಪಿಗೆ ಅಡುಗೆಯವರನ್ನು ಕಳೆದುಕೊಂಡ ಹೋಟೆಲಿನವನು ಇಡೀ ಪುಣೆಯಲ್ಲಿ ನಾನೊಬ್ಬನೇ ಇರಬೇಕು. ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದವರು ನನ್ನ ಪರವಾಗಿ ಮಾತಾಡುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ತೀರ್ಮಾನಿಸಿ.

ನಾನು ಮೋಹನದಾಸ್ ಶೆಟ್ಟಿ, ಕಾರ್ಕಳದ ಕಡೆಯವನು. ಮಗರಪಟ್ಟಾದ ದೊಡ್ಡ ಗೇಟು ದಾಟಿ ಹಡಪಸರದ ಕಡೆ ಸ್ವಲ್ಪ ನಡೆದರೆ ನನ್ನ ಹೋಟೆಲು. ಶುದ್ಧ ಶಾಕಾಹಾರಿ. ಇಡ್ಲಿ, ವಡೆ ಅಂತೂ ಇದ್ದೇ ಇವೆ. ಜೊತೆಗೆ ಪಾವ್ ಭಾಜಿ, ಹಕ್ಕಾ ನೂಡಲ್ಸ್, ಶೆಜ್ವಾನ್ ದೋಸೆ, ಚೀಸ್ ಸುರಿದ ಉತ್ತಪ್ಪ. ಗಿರಾಕಿ ಕೇಳಿದ್ದನ್ನು ಕೊಡುವುದು ನನ್ನ ಧರ್ಮ. ಆದರೆ ಅದನ್ನು ನಾವು ಯಾರೂ ತಿನ್ನುತ್ತಿರಲಿಲ್ಲ. ನಮ್ಮ ಕಡೆಯವರ ಹೋಟೆಲುಗಳಲ್ಲಿ ಇದು ಹಳೆಯ ಪದ್ಧತಿ. ಹೊರಗೆ ಬೆಣ್ಣೆ ಕರಗುತ್ತಿದ್ದರೂ ಒಳಗೆ ಕೆಲಸದವರ ಊಟಕ್ಕೆ ಬೇರೆಯೇ ಪಾತ್ರೆ ಇಡುತ್ತಾರೆ.

ನಮ್ಮಲ್ಲಿ ಆ ಪಾತ್ರೆ ಕಿಟ್ಟಣ್ಣನವರದು. ಮುಖ್ಯ ಅಡುಗೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹಿಂದೆ ಸ್ವಾರಗೇಟಿನ ಒಂದೇ ಹೋಟೆಲಿನಲ್ಲಿ ನಾನು ಟೇಬಲ್ ಒರೆಸುತ್ತಿದ್ದೆ, ಅವರು ಹಿಟ್ಟು ರುಬ್ಬುತ್ತಿದ್ದರು. ನಾನು ಸ್ವಂತ ಹೋಟೆಲು ಹಾಕಿದಾಗ ಕೇಳುವ ಮೊದಲೇ ಬ್ಯಾಗು ಹಿಡಿದುಕೊಂಡು ಬಂದಿದ್ದರು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಗ್ರೈಂಡರ್ ಹಿಂದಿನ ಸಣ್ಣ ಜಾಗದಲ್ಲಿ ನಾವೆಲ್ಲ ನೆಲದ ಮೇಲೆ ಕೂರುತ್ತಿದ್ದೆವು. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಆ ದಿನ ಅಗ್ಗಕ್ಕೆ ಸಿಕ್ಕ ತರಕಾರಿಯ ಪಲ್ಯ, ಮಿಡಿ ಉಪ್ಪಿನಕಾಯಿ. ಹೊರಗೆ ನನ್ನನ್ನು ಅಣ್ಣಾ, ಶೇಟ್ ಎಂದು ಕರೆಯುವವರು ಬೇಕಾದಷ್ಟಿದ್ದರು. ಅಲ್ಲಿ ಮಾತ್ರ ನಾನು ಎರಡನೇ ಮಿಡಿಗೆ ಕೈ ಚಾಚಿದರೆ ಕಿಟ್ಟಣ್ಣ ಭರಣಿಯನ್ನು ಆಚೆ ಸರಿಸುತ್ತಿದ್ದರು.

"ಶೆಟ್ರೇ, ನಿಮಗೆ ಬಿಪಿ ಉಂಟು. ಸಾಕು."

ಪಾತ್ರೆ ತೊಳೆಯುವ ಜಟ್ಟೆಪ್ಪ ಅಫಜಲಪುರದ ಕಡೆಯವನು. ಬಂದ ಹೊಸದರಲ್ಲಿ ಗಂಜಿ ನೋಡಿ, "ಇದೇನ್ರಿ, ಜ್ವರ ಬಂದವ್ರಿಗೆ ಕೊಡೂದು!" ಎಂದು ಮುಖ ಕಿವುಚಿದ್ದ. ಆಮೇಲೆ ಮನೆಯಿಂದ ಶೇಂಗಾ ಹಿಂಡಿ, ಅಂದರೆ ಅವರ ಕಡೆಯ ಚಟ್ನಿಪುಡಿ, ತಂದು ಅದಕ್ಕೇ ಕಲಸಿಕೊಂಡು, ನಮಗಿಂತ ಒಂದು ಸೌಟು ಹೆಚ್ಚೇ ಹಾಕಿಸಿಕೊಳ್ಳತೊಡಗಿದ. ಅವನ ಹಿಂಡಿಗೆ ನಾನೂ ಕೈ ಹಾಕುತ್ತಿದ್ದೆ. ಅದಕ್ಕೂ ಕಿಟ್ಟಣ್ಣನ ಬೈಗುಳ ಇದ್ದೇ ಇತ್ತು.

ಹೀಗಿರುವಾಗ ಕೇತಕಿ ಮ್ಯಾಡಮ್ ಕೈ ತೊಳೆಯಲು ಬಂದರು. ಮಗರಪಟ್ಟಾದ ಆಫೀಸಿನವರಿಗೆ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳಿಕೊಡುವುದು ಅವರ ಕೆಲಸ. ಫೋನಿನಲ್ಲಿ ಅವರ ಮಾತು ಕೇಳುವವರು ಸಾವಿರಾರು ಜನ. ಬೇಸಿನ್ನಿನ ಪಕ್ಕದ ಬಾಗಿಲು ತೆರೆದಿತ್ತು. ಇಣುಕಿ ನೋಡಿ, "ಅಣ್ಣಾ, ಹೇ ಕಾಯ್ ಆಹೆ?" ಇದೇನು ಎಂದು ಮರಾಠಿಯಲ್ಲಿ ಕೇಳಿದರು. ಹುಡುಗರ ಊಟ ಎಂದೆ. ತಮಗೂ ಸ್ವಲ್ಪ ಬೇಕೆಂದರು. ಕಿಟ್ಟಣ್ಣ ಸಂತೋಷದಿಂದಲೇ ಬಡಿಸಿದರು. ಮ್ಯಾಡಮ್ ನಿಂತುಕೊಂಡೇ ಉಂಡರು, ಕಣ್ಣು ಮುಚ್ಚಿದರು, ಆಮೇಲೆ ಫೋನು ತೆಗೆದು ಎಲ್ಲದರ ವಿಡಿಯೋ ಮಾಡಿದರು.

ಆ ವಾರವೇ ಜನ ಬಂದರು. ಮೆನು ಕಾರ್ಡನ್ನು ಕಣ್ಣೆತ್ತಿಯೂ ನೋಡದೆ "ಆ ಗಂಜಿ" ಎಂದು ಕೇಳಿದರು. ಗಿರಾಕಿ ಕೇಳಿದ್ದನ್ನು ಕೊಡುವುದು ನನ್ನ ಧರ್ಮ ಎಂದು ಮೊದಲೇ ಹೇಳಿದ್ದೇನೆ. ಕೊಟ್ಟೆ. ಹೆಸರಿಲ್ಲದ ಪದಾರ್ಥ ಮಾರುವುದು ಹೇಗೆ? ಮ್ಯಾಡಮ್ಮೇ ಹೆಸರಿಟ್ಟರು: ಕೋಸ್ಟಲ್ ಡಿಟಾಕ್ಸ್ ಬೌಲ್. ಮಣ್ಣಿನ ಬಟ್ಟಲು, ಮರದ ಚಮಚ ಅವರದೇ ಸಲಹೆ. ಉಪ್ಪು ಬೇಡ ಎಂದರು, ತೆಗೆಸಿದೆ. ಉಪ್ಪಿನಕಾಯಿಯಂತೂ ಬೇಡವೇ ಬೇಡ ಎಂದರು, ಅದನ್ನೂ ತೆಗೆಸಿದೆ. ಅದರ ಜಾಗದಲ್ಲಿ ಚಿಯಾ ಬೀಜ ಬಂತು, ಅಗಸೆ ಬೀಜ ಬಂತು, ಒಂದು ಸೌತೆಕಾಯಿ ಬಿಲ್ಲೆ ಬಂತು. ಹುರುಳಿ ಸಾರು ಸಣ್ಣ ಗಾಜಿನ ಲೋಟ ಸೇರಿ ಪ್ರೋಟೀನ್ ಶಾಟ್ ಎನಿಸಿಕೊಂಡಿತು. ಒಗ್ಗರಣೆ ಕೊಬ್ಬಂತೆ, ಅದೂ ಹೋಯಿತು.

ಕಿಟ್ಟಣ್ಣ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಉಪ್ಪಿಲ್ಲದ ಗಂಜಿಯನ್ನು ಮನುಷ್ಯರು ಉಣ್ತಾರಾ ಶೆಟ್ರೇ?"

"ದುಡ್ಡು ಕೊಟ್ಟು ಉಣ್ತಾರೆ," ಎಂದೆ.

ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ. ಕುಚ್ಚಲಕ್ಕಿ ಊರಿನ ಮಿಲ್ಲಿನಿಂದ ಬಸ್ಸಿನಲ್ಲಿ ಬರಬೇಕು, ಬಂದ ಮೂಟೆ ಬಂದ ಹಾಗೆಯೇ ಕರಗುತ್ತಿತ್ತು. ಮೊದಮೊದಲು ಹುಡುಗರ ಪಾತ್ರೆಯಿಂದ ಒಂದೆರಡು ಬಟ್ಟಲು ಹೊರಗೆ ಹೋಯಿತು. ಆಮೇಲೆ ಪಾತ್ರೆಯೇ ಹೋಯಿತು. ಹಾಗೆಂದು ನಾನೇನು ಅವರನ್ನು ಉಪವಾಸ ಕೆಡವಿದೆನೇ? ಗಂಜಿಯ ಗಲಾಟೆಯಲ್ಲಿ ಯಾರೂ ಕೇಳದೆ ಉಳಿದ ಪನ್ನೀರ್ ಬಟರ್ ಮಸಾಲಾ, ಪುಲಾವು, ನೂಡಲ್ಸ್ ಎಲ್ಲ ಅವರಿಗೇ ಕೊಟ್ಟೆ. ಗಿರಾಕಿ ಬೆಲೆ ನೋಡಿ ಹಿಂಜರಿಯುವ ಪದಾರ್ಥಗಳು! ಮೊದಲ ವಾರ ಅಡುಗೆಮನೆಯಲ್ಲಿ ಹಬ್ಬವೋ ಹಬ್ಬ. ಎರಡನೇ ವಾರ ಜಟ್ಟೆಪ್ಪ ಹೊಟ್ಟೆ ಹಿಡಿದುಕೊಂಡು ಬಂದ.

"ಶೆಟ್ರ, ಭಾಳ ಎದಿ ಉರೀಲಾಕತ್ತೈತ್ರಿ. ನಮ್ಮ ಆ ತೆಳ್ಳನ ಊಟಾನ ಕೊಡ್ರಿ."

ಪನ್ನೀರ್ ತಿಂದು ದೂರು ಕೊಡುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸಿಟ್ಟು ಬಂತು. ಒಂದು ಮಾತ್ರೆ ತರಿಸಿಕೊಟ್ಟೆ.

ಅಷ್ಟರಲ್ಲಿ ಗಿರಾಕಿಗಳಿಗೆ ಗಂಜಿ ಮಾತ್ರ ಸಾಲದಾಯಿತು. ಕೇತಕಿ ಮ್ಯಾಡಮ್ಮಿನ ವಿಡಿಯೋದಲ್ಲಿ ನಾವು ಕೂತಿದ್ದ ಆ ಜಾಗವೇ ಬೇಕು, ಅಲ್ಲೇ ಕೂತು ಉಣ್ಣಬೇಕು ಎಂದರು. ಗ್ರೈಂಡರನ್ನು ಹಿತ್ತಲಿಗೆ ಸಾಗಿಸಿ, ಗೋಡೆಗೆ ಸಗಣಿ ಬಣ್ಣ ಹೊಡೆಸಿ, ಎರಡು ಗಿಡ್ಡ ಮೇಜು, ನಾಲ್ಕು ಮಣೆ ಹಾಕಿಸಿದೆ. ಹುಡುಗರು ಹಿಂಬಾಗಿಲ ಹತ್ತಿರ, ಗ್ಯಾಸ್ ಸಿಲಿಂಡರುಗಳ ಪಕ್ಕ ನಿಂತುಕೊಂಡು ಉಣ್ಣತೊಡಗಿದರು. ನಾನು ಕೌಂಟರಿನಲ್ಲೇ ಒಂದು ಪ್ಲೇಟು ಪುಲಾವು ತರಿಸಿಕೊಳ್ಳುತ್ತಿದ್ದೆ. ವ್ಯಾಪಾರ ಜೋರಿದ್ದಾಗ ಯಜಮಾನ ಸಿಲಿಂಡರಿನ ಪಕ್ಕ ನಿಲ್ಲುವುದಕ್ಕಾಗುತ್ತದೆಯೇ?

ಒಂದು ರಾತ್ರಿ ಮನೆಯಲ್ಲಿ ಹೆಂಡತಿ ಪ್ರಫುಲ್ಲಾಳಿಗೆ ಗಂಜಿ ಮಾಡಲು ಹೇಳಿದೆ. ಮಾಡಿದಳು. ಉಪ್ಪು, ಮಿಡಿ, ಒಗ್ಗರಣೆ ಹಾಕಿದ ಸಾರು, ಎಲ್ಲ ಸರಿಯಾಗಿತ್ತು. ಆದರೂ ಅರ್ಧಕ್ಕೇ ಕೈ ನಿಂತಿತು. ಮೂರು ಮಿಡಿ ತಿಂದರೂ ಯಾರೂ ಏನೂ ಅನ್ನಲಿಲ್ಲ.

"ನಿಮಗೆ ಬೇಕಾದ್ದು ಗಂಜಿ ಅಲ್ಲ, ಕಿಟ್ಟಣ್ಣ," ಎಂದಳು. "ನಾಳೆಯಿಂದ ಅವರ ಪಾತ್ರೆ ಅವರಿಗೆ ಕೊಟ್ಟುಬಿಡಿ."

ಹೆಂಗಸರಿಗೆ ವ್ಯಾಪಾರ ಅರ್ಥವಾಗುವುದಿಲ್ಲ ಎಂದುಕೊಂಡು ಮಲಗಿದೆ. ನಿದ್ದೆ ಮಾತ್ರ ಹತ್ತಲಿಲ್ಲ.

ಮರುದಿನ ಕಿಟ್ಟಣ್ಣನೇ ಕೌಂಟರಿಗೆ ಬಂದರು.

"ಒಂದು ಮಾತು ಉಂಟು ಶೆಟ್ರೇ."

"ಸಂಬಳ ಜಾಸ್ತಿ ಮಾಡಬೇಕಾ? ಮಾಡುವ."

"ಸಂಬಳ ಎಂತಕ್ಕೆ? ಮಧ್ಯಾಹ್ನ ನಮಗೊಂದು ಪಾತ್ರೆ ಗಂಜಿ ಬೇಕು. ಕೂತು ಉಣ್ಲಿಕ್ಕೆ ಜಾಗ ಬೇಕು. ನೀವೂ ಬರ್ಬೇಕು. ಅಷ್ಟೇ."

"ಸೋಮವಾರದಿಂದ ಮಾಡುವ," ಎಂದೆ. ಮನಸ್ಸಿಟ್ಟೇ ಹೇಳಿದ್ದೆ. ಆದರೆ ಸೋಮವಾರ ಯಾವುದೋ ಕಂಪನಿಯ ಇಡೀ ತಂಡ ಬಂತು. ಮುಂದಿನ ಸೋಮವಾರ ಅಕ್ಕಿಯ ಬಸ್ಸು ತಡವಾಯಿತು. ಅದರ ಮುಂದಿನ ಸೋಮವಾರಕ್ಕೆ ನಾನು ಕಾರಣ ಹುಡುಕುವ ಮೊದಲೇ ಕಿಟ್ಟಣ್ಣ, ಶನಿವಾರದ ತನಕ ಇರುತ್ತೇನೆ ಎಂದರು. ಕುರಕುಂಭದಲ್ಲಿ ನಮ್ಮವರೊಬ್ಬರ ಪುಟ್ಟ ಹೋಟೆಲು ಇದೆಯಂತೆ, ಕೆಮಿಕಲ್ ಫ್ಯಾಕ್ಟರಿಗಳ ಜನರಿಗೆ ಊಟ ಹಾಕುವಂಥದು. ಅಲ್ಲಿ ಕೆಲಸದವರಿಗೆ ಗಂಜಿ ಇದೆಯಂತೆ.

"ಆ ರಾಸಾಯನಿಕದ ಹೊಗೆಯಲ್ಲಿ ಗಂಜಿ ಉಣ್ಣಲಿಕ್ಕೆ ಹೋಗ್ತೀರಾ ಮಾರಾಯ್ರೇ? ಇಲ್ಲಿ ಎಂತ ಕಡಿಮೆ ಮಾಡಿದ್ದೇನೆ?"

ಕಿಟ್ಟಣ್ಣ ಒಳಗೆ ಹೋಗಿ ಬೇಳೆ ತೊಳೆಯತೊಡಗಿದರು. ಇಷ್ಟು ವರ್ಷದ ಸಂಬಂಧ ಒಂದು ಪಾತ್ರೆ ಗಂಜಿಗೆ ಮುರಿಯುತ್ತದೆಯೇ? ಮುರಿಯುತ್ತಿರುವವರು ಅವರೇ ಎಂದು ಮೂರು ದಿನ ಮಾತು ಬಿಟ್ಟೆ. ಆದರೆ ಪ್ರತಿ ಸಲ ಅಡುಗೆಮನೆಯ ಬಾಗಿಲು ಸದ್ದಾದಾಗ, ಇನ್ನೂ ಇದ್ದಾರಲ್ಲ ಎಂದು ನೋಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಅವರು ಎಂದಿನಂತೆ ಅಡುಗೆ ಮುಗಿಸಿ, ಹೊಸ ಅಡುಗೆಯವನಿಗೆ ಸೌಟು ಒಪ್ಪಿಸಿ ತಮ್ಮ ಕೋಣೆಗೆ ಹೋದರು. ಜನ ಸ್ವಲ್ಪ ಕಡಿಮೆಯಾದ ಹೊತ್ತಿಗೆ ಮುಂಬಾಗಿಲಿನಿಂದ ಒಳಗೆ ಬಂದರು. ಮುಂಬಾಗಿಲಿನಿಂದ! ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನೇರ ಹೋಗಿ, ಗ್ರೈಂಡರ್ ಇದ್ದ ಜಾಗದಲ್ಲಿ ಹಾಕಿದ ಮಣೆಯ ಮೇಲೆ ಕೂತರು. ಪಕ್ಕದ ಮೇಜಿನಲ್ಲಿ ಆಫೀಸಿನ ಇಬ್ಬರು ಹುಡುಗಿಯರು ಮೆನು ನೋಡುತ್ತಿದ್ದರು. ಕಿಟ್ಟಣ್ಣ ಗಿರಾಕಿಗಳ ಹಾಗೆಯೇ ಎರಡು ಬೌಲ್ ಹೇಳಿದರು. ಸಪ್ಲೈಯರ್ ನನ್ನ ಮುಖ ನೋಡಿದ. ಕೊಡು ಎಂದು ಕಣ್ಣಲ್ಲೇ ಹೇಳಿದೆ.

"ಶೆಟ್ರೇ, ಬನ್ನಿ. ಇವತ್ತು ನಾನು ಉಣ್ಣಿಸ್ತೇನೆ."

ರಾಜಿಗೆ ಬಂದಿದ್ದಾರೆ ಎಂದುಕೊಂಡೆ. ಹೇಳಿದರೆ ನಗುತ್ತೀರಿ, ನನಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಎನಿಸಿತು. ಕೌಂಟರು ಬಿಟ್ಟು ಹೋಗಿ ಎದುರು ಕೂತೆ. ನಮ್ಮ ಪಾತ್ರೆಯನ್ನು ಇವತ್ತೇ ಮರಳಿಸುತ್ತೇನೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಟ್ಟಲು ಬಂತು. ಮೊದಲು ಉಣ್ಣೋಣ, ಆಮೇಲೆ ಮಾತು ಎಂದು ಮರದ ಚಮಚ ಎತ್ತಿ ಬಾಯಿಗಿಟ್ಟೆ.

ಸಪ್ಪೆ. ಬೀಜಗಳು ಹಲ್ಲಿಗೆ ಅಂಟಿಕೊಂಡವು. ಅಕ್ಕಿಯ ವಾಸನೆಯೇ ಇಲ್ಲ. ಸಾರು ಒಂದು ಗುಟುಕು ಕುಡಿದೆ, ಬಿಸಿ ನೀರಿನಂತಿತ್ತು. ನನಗೆ ರೇಗಿ ಹೋಯಿತು.

"ಆ ಹೊಸಬ ಮಾಡಿದ್ದಾ? ಒಂದೇ ದಿನಕ್ಕೆ ಹೋಟೆಲಿನ ಮರ್ಯಾದೆ ತೆಗೆದನಲ್ಲ! ನೋಡಿ ಕಿಟ್ಟಣ್ಣ, ನಿಮ್ಮ ಕೈ ಇಲ್ಲದಿದ್ದರೆ ಹೀಗಾಗ್ತದೆ. ಅದಕ್ಕೇ ಹೇಳಿದ್ದು, ಹೋಗ್ಬೇಡಿ."

ಕಿಟ್ಟಣ್ಣ ನಿಧಾನವಾಗಿ ಉಣ್ಣುತ್ತಿದ್ದರು.

"ಇದು ನನ್ನ ಕೈಯದ್ದೇ ಶೆಟ್ರೇ. ಬೆಳಿಗ್ಗೆ ನಾನೇ ಮಾಡಿದ್ದು. ಇಷ್ಟು ದಿನ ಮಾಡಿದ್ದೂ ಇದನ್ನೇ, ನೀವು ಹೇಳಿದ ಹಾಗೆ. ನೀವು ಒಂದು ದಿನವೂ ತಿಂದು ನೋಡ್ಲಿಲ್ಲ."

ನಾಚಿಕೆಯೋ ದುಃಖವೋ ಗೊತ್ತಿಲ್ಲ, ಅಳು ಬಂತು. ಹೋಗಬೇಡಿ, ಈಗಲೇ ಈ ಮಣೆ ಮೇಜು ಎಲ್ಲ ಕಿತ್ತು ಹಾಕುತ್ತೇನೆ ಎಂದು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನ ಹುಡುಗಿ ನನ್ನ ಬಟ್ಟಲಿನತ್ತ ಬಗ್ಗಿ ಮರಾಠಿಯಲ್ಲಿ ಕೇಳಿದಳು:

"ಅಣ್ಣಾ, ನೀವೂ ಇದನ್ನೇ ಊಟ ಮಾಡುವುದಾ? ಚೆನ್ನಾಗಿದೆಯಾ?"

"ಏಕ್ ನಂಬರ್, ಮ್ಯಾಡಮ್," ಎಂದೆ. "ರೋಜ್ ಹೇಚ್ ಖಾತೋ."

ದಿನವೂ ಇದನ್ನೇ ತಿನ್ನುತ್ತೇನೆ ಎಂದು ಹೇಳಿಯೂ ಆಗಿತ್ತು, ಹುಡುಗಿಯರು ಎರಡು ಬೌಲ್ ಹೇಳಿಯೂ ಆಗಿತ್ತು. ನಾನು ಈಚೆ ತಿರುಗುವಷ್ಟರಲ್ಲಿ ಕಿಟ್ಟಣ್ಣ ತಮ್ಮ ಬಟ್ಟಲು ಖಾಲಿ ಮಾಡಿ, ಕೈ ತೊಳೆಯಲು ಎದ್ದು ಹೋಗಿದ್ದರು.